ಮುಂದಿನಿಂದ ಮುಲಾಮು, ಹಿಂದಿನಿಂದ ಕೆರೆ

ಮನೆಯಲ್ಲಿ ಮುಲಾಮು, ಕ್ರೀಮು ಮತ್ತು ಪರಿಮಳದ ಎಣ್ಣೆಗಳನ್ನು ತಯಾರಿಸುವಾಗ ನಾನು ಲೆಕ್ಕ ಬರೆದಿಡುವ ದಪ್ಪ ರಟ್ಟಿನ ಪುಸ್ತಕವೊಂದಿದೆ. ಮೊದಲ ಪುಟದಿಂದ ಮುಂದಕ್ಕೆ ಓದಿದರೆ ಯಾವ ದಿನ ಯಾವ ಎಣ್ಣೆಯನ್ನು ಎಷ್ಟು ಗ್ರಾಂ ತೂಗಿದೆ, ಎಷ್ಟು ಬಿಸಿಯಲ್ಲಿ ಸೇರಿಸಿದೆ, ಆ ಡಬ್ಬಿ ಎಷ್ಟು ದಿನ ಕೆಡದೆ ಉಳಿಯಿತು ಎಂಬ ವಿವರಗಳಿವೆ. ಅದೇ ಪುಸ್ತಕವನ್ನು ತಿರುವಿಹಾಕಿ ಕೊನೆಯ ಪುಟದಿಂದ ತೆರೆದರೆ ನಮ್ಮ ಬಡಾವಣೆಯ ಕೆರೆಯ ವಿವರಗಳಿವೆ: ನೀರಿನ ಬಣ್ಣ, ವಾಸನೆ, ಉಷ್ಣತೆ, ಪಿಎಚ್ (ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ; 7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲೀಯ, ಹೆಚ್ಚು ಕ್ಷಾರೀಯ), ಸತ್ತ ಮೀನು ಕಂಡ ದಿನಗಳು, ಕಚೇರಿಗೆ ಕೊಟ್ಟ ಮನವಿಗಳ ತಾರೀಖು, ಬಂದ ಹಿಂಬರಹಗಳ ಸಂಖ್ಯೆ. ಹೀಗೆ ಬರೆಯಬೇಕೆಂದು ನಾನು ಯೋಜಿಸಿರಲಿಲ್ಲ. ಕೆರೆಯ ಬಳಿಗೆ ಮೊದಲ ಸಲ ಹೋದ ದಿನ ಕೈಗೆ ಸಿಕ್ಕಿದ್ದು ಈ ಪುಸ್ತಕವಾದ್ದರಿಂದ ಅದರ ಹಿಂಬದಿಯಲ್ಲಿ ಬರೆದೆ, ಅಷ್ಟೆ. ಈಗ ಎರಡು ಕಡೆಯ ಬರವಣಿಗೆಯ ನಡುವೆ ಉಳಿದಿರುವುದು ಕೆಲವೇ ಖಾಲಿ ಹಾಳೆಗಳು.

ಈ ಎರಡು ಕೆಲಸಗಳಿಗೆ ಏನು ಸಂಬಂಧವೆಂದು ಹಲವರು ಕೇಳಿದ್ದಾರೆ. ಒಂದು ಒಳಗೆ ಕುಳಿತು ಮಾಡುವ ಸೌಮ್ಯವಾದ ಹವ್ಯಾಸವೆಂದೂ ಇನ್ನೊಂದು ಬೀದಿಗಿಳಿದು ಮಾಡುವ ಜಗಳವೆಂದೂ ಅವರ ಭಾವನೆ. ನನಗೆ ಮಾತ್ರ ಎರಡನ್ನೂ ಕಲಿಸಿದ್ದು ನೀರು, ಮತ್ತು ಎರಡರಲ್ಲೂ ನಾನು ಮಾಡಿದ ತಪ್ಪು ಒಂದೇ ಬಗೆಯದು.

ಮೊದಲು ಕ್ರೀಮಿನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜೇನುಮೇಣ, ಬಾದಾಮಿ ಎಣ್ಣೆ ಮತ್ತು ಪನ್ನೀರನ್ನು ಸೇರಿಸಿ ನನ್ನ ಮೊದಲ ಕ್ರೀಮನ್ನು ಮಾಡಿದೆ. ಈ ಕೂಟ ಬಹಳ ಹಳೆಯದು. ಕ್ರಿಸ್ತಶಕ 2ನೇ ಶತಮಾನದ ರೋಮನ್ ಸಾಮ್ರಾಜ್ಯದ ವೈದ್ಯ ಗ್ಯಾಲನ್ ಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರಿನಿಂದ ಮಾಡಿದನೆನ್ನಲಾದ ಲೇಪವೇ ಇಂದಿನ ಕೋಲ್ಡ್ ಕ್ರೀಮಿನ ಮೂಲ. ಹಚ್ಚಿದಾಗ ಅದರೊಳಗಿನ ನೀರು ಆವಿಯಾಗಿ ಚರ್ಮ ತಂಪಾಗುವುದರಿಂದ ಅದಕ್ಕೆ ಆ ಹೆಸರು. ನನ್ನ ಕ್ರೀಮು ಬೆಳ್ಳಗೆ, ನುಣುಪಾಗಿ, ಮನೆ ತುಂಬ ಗುಲಾಬಿಯ ಪರಿಮಳ ಬೀರುತ್ತ ಸಿದ್ಧವಾಯಿತು. ‘ಇದರಲ್ಲಿ ಒಂದು ತೊಟ್ಟೂ ರಾಸಾಯನಿಕವಿಲ್ಲ’ ಎಂದು ಹೆಮ್ಮೆಯಿಂದ ಹೇಳಿ ಪಕ್ಕದ ಮನೆಯ ಅಕ್ಕನಿಗೆ ಒಂದು ಡಬ್ಬಿ ಕೊಟ್ಟೆ. ಮೂರನೆಯ ವಾರದಲ್ಲಿ ಅವರು ಡಬ್ಬಿಯನ್ನು ಹಿಂದಕ್ಕೆ ತಂದು ಮುಚ್ಚಳ ತೆರೆದು ತೋರಿಸಿದರು. ಅಂಚಿನ ಸುತ್ತ ಬೂದುಬಣ್ಣದ ಬೂಷ್ಟು ಹಬ್ಬಿತ್ತು. ಅವರ ಕೆನ್ನೆಯ ಮೇಲೆ ಸಣ್ಣ ಗುಳ್ಳೆಗಳೆದ್ದಿದ್ದವು. ಅವರು ನನ್ನನ್ನು ಬೈಯಲಿಲ್ಲ. ‘ಇನ್ನೊಬ್ಬರಿಗೆ ಕೊಡುವ ಮೊದಲು ನೋಡಮ್ಮ’ ಎಂದಷ್ಟೇ ಹೇಳಿ ಹೋದರು.

ಆ ಒಂದು ಮಾತಿನಿಂದಾಗಿ ನಾನು ಕುಳಿತು ಓದಲಾರಂಭಿಸಿದೆ. ಎಣ್ಣೆ ಮತ್ತು ಮೇಣ ಮಾತ್ರ ಇರುವ ಮುಲಾಮಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು, ಏಕೆಂದರೆ ಅವುಗಳಿಗೆ ನೀರು ಬೇಕು. ಆದರೆ ಎಣ್ಣೆಯ ಜೊತೆ ನೀರನ್ನೋ ಪನ್ನೀರನ್ನೋ ಲೋಳೆಸರದ ರಸವನ್ನೋ ಸೇರಿಸಿದ ಕ್ಷಣದಿಂದ ಅದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಹದವಾದ ನೆಲವಾಗುತ್ತದೆ. ಬೂಷ್ಟು ಕಣ್ಣಿಗೆ ಕಾಣುವ ಹೊತ್ತಿಗೆ ಅದು ಬೆಳೆಯತೊಡಗಿ ಬಹಳ ದಿನಗಳಾಗಿರುತ್ತವೆ, ಮತ್ತು ಬ್ಯಾಕ್ಟೀರಿಯಾ ಎಷ್ಟು ಹೆಚ್ಚಿದರೂ ಅನೇಕ ಸಲ ಬಣ್ಣವಾಗಲಿ ವಾಸನೆಯಾಗಲಿ ಬದಲಾಗುವುದೇ ಇಲ್ಲ. ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲವೆಂದು ಹೇಳುವವರಿದ್ದಾರೆ. ಅದು ಎಣ್ಣೆ ಗಾಳಿಯೊಂದಿಗೆ ಸೇರಿ ಕಮಟಾಗುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ. ನೀರಿರುವ ಕ್ರೀಮಿಗೆ ಸಂರಕ್ಷಕ ಬೇಕೇ ಬೇಕು. ನಾನು ಬಳಸುವುದು ಫಿನಾಕ್ಸಿಎಥನಾಲ್ ಆಧಾರಿತ ಸಂರಕ್ಷಕವನ್ನು. ಯೂರೋಪಿನ ನಿಯಮದಲ್ಲಿ ಫಿನಾಕ್ಸಿಎಥನಾಲಿನ ಗರಿಷ್ಠ ಮಿತಿ ಶೇ. 1, ನಾನು ಅದನ್ನು ದಾಟುವುದಿಲ್ಲ. ‘ರಾಸಾಯನಿಕವಿಲ್ಲ’ ಎಂಬ ಮಾತನ್ನು ಅಂದಿನಿಂದ ಬಿಟ್ಟಿದ್ದೇನೆ. ನೀರೂ ಒಂದು ರಾಸಾಯನಿಕವೇ, ಗುಲಾಬಿಯ ಪರಿಮಳವೂ ನೂರಾರು ರಾಸಾಯನಿಕಗಳ ಕೂಟವೇ. ಯಾವುದು, ಎಷ್ಟು, ಯಾರ ಚರ್ಮದ ಮೇಲೆ, ಎಷ್ಟು ದಿನ ಎಂದು ಕೇಳದೆ ಆ ಪದವನ್ನು ಬಳಸಿದರೆ ಅದು ಭಯವನ್ನು ಹುಟ್ಟಿಸುತ್ತದೆಯೇ ಹೊರತು ತಿಳಿವಳಿಕೆಯನ್ನಲ್ಲ.

ಈಗ ನಾನು ಮಾಡುವ ಸಾದಾ ಕ್ರೀಮಿನ ಲೆಕ್ಕ 100 ಗ್ರಾಮಿಗೆ ಹೀಗಿದೆ: ಕುದಿಸಿ ಇಳಿಸಿದ ಬಟ್ಟಿ ನೀರು 70 ಗ್ರಾಂ, ಎಣ್ಣೆ 20 ಗ್ರಾಂ, ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಣ್ಣೆ ಮತ್ತು ನೀರನ್ನು ಬೆಸೆಯುವ ಮೇಣ) 6 ಗ್ರಾಂ, ಗ್ಲಿಸರಿನ್ 3 ಗ್ರಾಂ, ಸಂರಕ್ಷಕ 1 ಗ್ರಾಂ. ಪರಿಮಳ ಬೇಕಿದ್ದರೆ ನೀರಿನಲ್ಲಿ ಅರ್ಧ ಗ್ರಾಂ ಕಡಿಮೆ ಮಾಡುತ್ತೇನೆ. ಚಮಚದ ಅಳತೆ ಇಲ್ಲಿ ನಡೆಯದು, 1 ಗ್ರಾಮನ್ನೂ ಅದರ ಹತ್ತನೆಯ ಭಾಗವನ್ನೂ ತೋರಿಸುವ ತೂಕದ ಯಂತ್ರ ಬೇಕು. ನೀರು ಮತ್ತು ಗ್ಲಿಸರಿನ್ ಒಂದು ಗಾಜಿನ ಪಾತ್ರೆಯಲ್ಲಿ, ಎಣ್ಣೆ ಮತ್ತು ವ್ಯಾಕ್ಸ್ ಇನ್ನೊಂದರಲ್ಲಿ. ಎರಡನ್ನೂ ಬಿಸಿನೀರು ತುಂಬಿದ ಅಗಲ ಪಾತ್ರೆಯೊಳಗೆ ಇಳಿಸಿ 70ರಿಂದ 75 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತೇನೆ. ಎರಡೂ ಒಂದೇ ಬಿಸಿಯಲ್ಲಿರುವುದು ಮುಖ್ಯ, ಏಕೆಂದರೆ ತಣ್ಣನೆಯ ನೀರು ತಗುಲಿದರೆ ವ್ಯಾಕ್ಸ್ ಅಲ್ಲಿಯೇ ಗಟ್ಟಿಯಾಗಿ ಹರಳುಗಟ್ಟುತ್ತದೆ. ನಂತರ ಒಂದನ್ನೊಂದಕ್ಕೆ ಸುರಿದು ಕಡೆಗೋಲಿನಂತಹ ಸಣ್ಣ ಕೈಯಂತ್ರದಿಂದ ಕಡೆದಾಗ ಪಾರದರ್ಶಕವಾಗಿದ್ದ ಎರಡು ದ್ರವಗಳು ಕ್ಷಣಮಾತ್ರದಲ್ಲಿ ಹಾಲಿನಂತೆ ಬೆಳ್ಳಗಾಗುತ್ತವೆ. ವ್ಯಾಕ್ಸಿನ ಕಣದ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿದುಕೊಂಡು ಎಣ್ಣೆಯ ಹನಿಗಳು ಮತ್ತೆ ಒಂದಾಗದಂತೆ ಬೇರೆ ಬೇರೆಯಾಗಿ ಇಡುವುದರಿಂದ, ಬೆಳಕು ಆ ಸೂಕ್ಷ್ಮ ಹನಿಗಳ ಮೇಲೆ ಚದುರಿ ನಮಗೆ ಬಿಳುಪಾಗಿ ಕಾಣುತ್ತದೆ. ಎಷ್ಟು ಸಲ ಮಾಡಿದರೂ ಈ ಬದಲಾವಣೆಯನ್ನು ನೋಡುವ ಸಂತೋಷ ನನಗೆ ಕಡಿಮೆಯಾಗಿಲ್ಲ. ಬಿಸಿ 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಸಂರಕ್ಷಕ ಮತ್ತು ಪರಿಮಳ. ಕೊನೆಗೆ ಒಂದು ಚಿಟಿಕೆ ಕ್ರೀಮನ್ನು ಬಟ್ಟಿ ನೀರಿನಲ್ಲಿ ಕದಡಿ ಪಿಎಚ್ ಪಟ್ಟಿ ಅದ್ದಿ ನೋಡುತ್ತೇನೆ. ಚರ್ಮದ ಮೇಲ್ಮೈ ತುಸು ಆಮ್ಲೀಯವಾದ್ದರಿಂದ ಕ್ರೀಮು 5ರ ಸುತ್ತಮುತ್ತ ಇರಬೇಕು.

ಮುಲಾಮು ಇದಕ್ಕಿಂತ ಸುಲಭ. ಒಂದು ಭಾಗ ಜೇನುಮೇಣಕ್ಕೆ ನಾಲ್ಕು ಭಾಗ ಎಣ್ಣೆ, ಕರಗಿಸಿ ಡಬ್ಬಿಗೆ ಸುರಿದರೆ ಮುಗಿಯಿತು. ಹಿಮ್ಮಡಿ ಒಡೆದವರಿಗೆ ಮತ್ತು ಒಣ ತುಟಿಗಳಿಗೆ ನಾನು ಇದನ್ನೇ ಕೊಡುತ್ತೇನೆ.

ಪರಿಮಳದ ಎಣ್ಣೆಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಲಾವಂಚದ ಬೇರನ್ನೋ ಗುಲಾಬಿಯ ದಳವನ್ನೋ ಎಣ್ಣೆಯಲ್ಲಿ ನೆನೆಹಾಕಿ ಇಡುವುದು ಒಂದು ವಿಧಾನ. ಇದಕ್ಕೆ ಚೆನ್ನಾಗಿ ಒಣಗಿದ ಬೇರು ಅಥವಾ ದಳವೇ ಆಗಬೇಕು, ಹಸಿಯದ್ದರ ತೇವ ಎಣ್ಣೆಯ ತಳದಲ್ಲಿ ಸೇರಿ ಕೊಳೆಯುತ್ತದೆ. ನಾಲ್ಕರಿಂದ ಆರು ವಾರ ನೆನೆದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದಾಗ ಸಿಗುವ ಪರಿಮಳ ಮೆಲುವಾದುದು, ಮೂಗಿನ ಬಳಿ ಹಿಡಿದರಷ್ಟೇ ತಿಳಿಯುವಂಥದ್ದು. ಇನ್ನೊಂದು ವಿಧಾನದಲ್ಲಿ ಹಬೆಯಿಂದ ಬಟ್ಟಿ ಇಳಿಸಿ ತೆಗೆದ ಸಾರಭೂತ ತೈಲವನ್ನು ಕೊಂಡು ತಂದು ಹನಿ ಲೆಕ್ಕದಲ್ಲಿ ಬೆರೆಸುತ್ತೇವೆ. ಒಂದು ಕಿಲೋ ಗುಲಾಬಿ ತೈಲಕ್ಕೆ ಮೂರು ಸಾವಿರ ಕಿಲೋಗಿಂತಲೂ ಹೆಚ್ಚು ಹೂವು ಬೇಕೆಂದು ತಿಳಿದಾಗ ಆ ಒಂದು ಹನಿಯ ಸಾಂದ್ರತೆ ಎಷ್ಟೆಂಬುದು ಮನಸ್ಸಿಗೆ ತಾಕಿತು. ಅಷ್ಟು ಸಾಂದ್ರವಾದುದನ್ನು ‘ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ’ ಎಂದು ನೇರವಾಗಿ ಚರ್ಮಕ್ಕೆ ಹಚ್ಚುವುದು ಅಪಾಯ. ಮುಖದ ಎಣ್ಣೆಗೆ ನಾನು ಶೇ. 0.5ರಿಂದ 1ರೊಳಗೆ, ಮೈಗೆ ಹಚ್ಚುವ ಎಣ್ಣೆಗೆ ಶೇ. 2ರೊಳಗೆ ನಿಲ್ಲಿಸುತ್ತೇನೆ. ಎಂದರೆ 100 ಮಿಲಿಲೀಟರ್ ಎಣ್ಣೆಗೆ ಶೇ. 1 ಎಂದರೆ 1 ಮಿಲಿಲೀಟರ್, ಸುಮಾರು 20 ಹನಿ. ಬರ್ಗಮಾಟ್ (ಕಿತ್ತಳೆ ಜಾತಿಯ ಒಂದು ಹಣ್ಣು) ಮತ್ತು ನಿಂಬೆಯ ಸಿಪ್ಪೆಯನ್ನು ಒತ್ತಿ ತೆಗೆದ ತೈಲಗಳಲ್ಲಿರುವ ಫ್ಯೂರೊಕೌಮರಿನ್ ಎಂಬ ಅಂಶವು ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟಂತೆ ಮಾಡಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡಬಲ್ಲದು. ಆದ್ದರಿಂದ ಹಗಲಿನಲ್ಲಿ ಹಚ್ಚುವ ಯಾವುದಕ್ಕೂ ನಾನು ಅವನ್ನು ಸೇರಿಸುವುದಿಲ್ಲ. ಲ್ಯಾವೆಂಡರಿನಲ್ಲಿರುವ ಲಿನಲೂಲ್, ಕಿತ್ತಳೆಯಲ್ಲಿರುವ ಲಿಮೊನೀನ್ ಎಂಬ ಸುಗಂಧದ ಅಂಶಗಳು ತಾಜಾ ಇದ್ದಾಗ ಸೌಮ್ಯವಾಗಿದ್ದು, ಸೀಸೆ ತೆರೆದು ಗಾಳಿಯಾಡಿದಂತೆಲ್ಲ ಅಲರ್ಜಿ ಉಂಟುಮಾಡುವ ರೂಪಕ್ಕೆ ತಿರುಗುತ್ತವೆ. ಹಾಗಾಗಿ ಪ್ರತಿ ಸೀಸೆಯ ಮೇಲೂ ತೆರೆದ ತಾರೀಖು ಬರೆಯುತ್ತೇನೆ. ಹಸುಗೂಸುಗಳಿಗೆ ನೀಲಗಿರಿ ಎಣ್ಣೆ, ಕರ್ಪೂರ ಸೇರಿದ ಯಾವುದನ್ನೂ ಕೊಡುವುದಿಲ್ಲ, ಎಷ್ಟು ಒತ್ತಾಯಿಸಿದರೂ ಕೊಡುವುದಿಲ್ಲ. ಬಿಸಿಲು ತಡೆಯುವ ಕ್ರೀಮನ್ನೂ ಮನೆಯಲ್ಲಿ ಮಾಡುವುದಿಲ್ಲ, ಏಕೆಂದರೆ ಅದು ಎಷ್ಟು ತಡೆಯುತ್ತದೆಂದು ಪ್ರಯೋಗಾಲಯವಿಲ್ಲದೆ ಅಳೆಯಲಾಗದು, ಅಳೆಯದೆ ಕೊಟ್ಟರೆ ನಂಬಿದವರು ಸುಟ್ಟುಕೊಳ್ಳುತ್ತಾರೆ.

ಬೂಷ್ಟಿನ ಡಬ್ಬಿ ತಂದ ಅಕ್ಕನೇ ನಂತರದ ತಿಂಗಳು ತಾನೂ ಕಲಿಯುತ್ತೇನೆಂದು ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು, ಆಮೇಲೆ ಎದುರು ಮನೆಯ ಅಜ್ಜಿ, ಕಾಲೇಜಿಗೆ ಹೋಗುವ ಅವರ ಮೊಮ್ಮಗಳು, ನಿವೃತ್ತರಾದ ಒಬ್ಬ ವಿಜ್ಞಾನದ ಮೇಷ್ಟ್ರು. ತಿಂಗಳಿಗೊಂದು ಭಾನುವಾರ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಎಂಟು ಹತ್ತು ಜನ ಸೇರುವುದು ರೂಢಿಯಾಯಿತು. ಕ್ರೀಮು ತಣಿಯಲು ಹೊತ್ತು ಹಿಡಿಯುತ್ತದೆ, ಕೈಗೆ ಕೆಲಸವಿದ್ದಾಗ ಬಾಯಿಗೆ ಸಂಕೋಚ ಕಡಿಮೆ. ಸಭೆ ಎಂದು ಕರೆದಿದ್ದರೆ ತುಟಿ ಬಿಚ್ಚದಿದ್ದವರು ಬಟ್ಟಲು ಕಡೆಯುತ್ತ ತಮ್ಮ ತಮ್ಮ ಬೀದಿಯ ಕಷ್ಟಗಳನ್ನು ಹೇಳತೊಡಗಿದರು. ಎಲ್ಲರ ಮಾತೂ ತಿರುಗಿ ತಿರುಗಿ ಬಂದು ನಿಲ್ಲುತ್ತಿದ್ದುದು ಕೆರೆಯ ಬಳಿ. ನೀರು ಹಸಿರು ಬಣ್ಣದಂತೆ ದಪ್ಪಗಾಗಿತ್ತು, ಕೋಡಿಯ ಬಳಿ ನೊರೆ ನಿಲ್ಲುತ್ತಿತ್ತು, ಕೆಲವು ಬೆಳಗುಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಆ ಭಾನುವಾರ ಮೇಜಿನ ಮೇಲಿದ್ದ ಪಿಎಚ್ ಪಟ್ಟಿಗಳ ಸುರುಳಿಯನ್ನು ಕಿಸೆಗೆ ಹಾಕಿಕೊಂಡು ನಾವೆಲ್ಲ ಕೆರೆಗೆ ನಡೆದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಪಟ್ಟಿ ಗಾಢ ಬಣ್ಣಕ್ಕೆ ತಿರುಗಿತು, ನೀರು ಸ್ಪಷ್ಟವಾಗಿ ಕ್ಷಾರೀಯವಾಗಿತ್ತು. ಮುಂದಿನ ಎರಡು ದಿನ ಅದೇ ಹೊತ್ತಿಗೆ ಹೋದಾಗಲೂ ಅದೇ ಬಣ್ಣ ಬಂತು. ನಮಗೆ ಅಷ್ಟೇ ಸಾಕಾಯಿತು. ಕೆರೆಯ ಮೇಲ್ಭಾಗದಲ್ಲಿರುವ ಸಣ್ಣ ಕಾರ್ಖಾನೆಯೊಂದು ದಿನವೂ ಮಧ್ಯಾಹ್ನ ಕ್ಷಾರದ ನೀರನ್ನು ಬಿಡುತ್ತಿದೆಯೆಂದು ನಾನೇ ಮನವಿ ಬರೆದೆ, ನೂರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ.

ಹಿಂಬರಹ ಬಂದದ್ದು ಒಂದೂವರೆ ತಿಂಗಳ ನಂತರ. ಸ್ಥಳ ಪರಿಶೀಲನೆ ನಡೆಸಲಾಗಿದ್ದು ಆ ಕಾರ್ಖಾನೆಯಿಂದ ಕೆರೆಗೆ ಯಾವ ಕೊಳವೆಯೂ ಇಲ್ಲವೆಂದೂ, ಅರ್ಜಿದಾರರು ಬೆಳಗಿನ ಜಾವದ ಪಿಎಚ್ ಅನ್ನು ಏಕೆ ದಾಖಲಿಸಿಲ್ಲವೆಂದೂ ಅದರಲ್ಲಿ ಬರೆದಿತ್ತು. ನನಗೆ ಮೊದಲು ಸಿಟ್ಟು ಬಂತು. ಪುಸ್ತಕ ತೆರೆದು ಓದಿದ ಮೇಷ್ಟ್ರು ಮಾತ್ರ ‘ಅವರು ಕೇಳಿದ್ದು ಸರಿಯಾದ ಪ್ರಶ್ನೆ’ ಎಂದರು. ಮರುದಿನ ಸೂರ್ಯ ಹುಟ್ಟುವ ಮೊದಲು ಹೋಗಿ ಅಳೆದೆವು. ಪಟ್ಟಿಯ ಬಣ್ಣ ತಟಸ್ಥದ ಹತ್ತಿರವಿತ್ತು. ಮಧ್ಯಾಹ್ನ ಮತ್ತೆ ಏರಿತು, ಮಾರನೆಯ ಬೆಳಗ್ಗೆ ಮತ್ತೆ ಇಳಿಯಿತು.

ಅದರ ಕಾರಣ ಕಾರ್ಖಾನೆಯಲ್ಲ, ಪಾಚಿ. ನೀರಿನಲ್ಲಿ ಪಾಚಿ ದಟ್ಟವಾಗಿ ಬೆಳೆದಾಗ ಹಗಲಿನಲ್ಲಿ ಅದು ಆಹಾರ ತಯಾರಿಸಿಕೊಳ್ಳಲು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆ ಅನಿಲ ನೀರಿನಲ್ಲಿ ಸೌಮ್ಯ ಆಮ್ಲವಾಗಿ ಇರುವುದರಿಂದ ಅದು ಕಡಿಮೆಯಾದಂತೆ ಪಿಎಚ್ ಏರುತ್ತದೆ. ರಾತ್ರಿ ಪಾಚಿ ಉಸಿರಾಡುತ್ತ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಪಿಎಚ್ ಇಳಿಯುತ್ತದೆ, ಮತ್ತು ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾಗಿರುತ್ತದೆ. ನಮ್ಮ ಮೀನುಗಳು ಬೆಳಗ್ಗೆಯೇ ಸತ್ತು ತೇಲುತ್ತಿದ್ದುದು ಆದ್ದರಿಂದ. ಪಾಚಿಯನ್ನು ಅಷ್ಟು ಬೆಳೆಸುತ್ತಿದ್ದುದು ಸಾರಜನಕ ಮತ್ತು ರಂಜಕ, ಅವು ಬರುತ್ತಿದ್ದುದು ಮಲಿನ ನೀರಿನಿಂದ. ಮಳೆನೀರಿನ ಚರಂಡಿಯ ಉದ್ದಕ್ಕೂ ನಡೆದು ನೋಡಿದಾಗ ಮಳೆಯಿಲ್ಲದ ದಿನವೂ ಅದರಲ್ಲಿ ನೀರು ಹರಿಯುತ್ತಿತ್ತು. ನಮ್ಮದೇ ಬೀದಿಗಳ ಹಲವು ಮನೆಗಳ ಬಚ್ಚಲು ಮತ್ತು ಶೌಚದ ಕೊಳವೆಗಳು ಒಳಚರಂಡಿಗೆ ಸೇರುವ ಬದಲು ಆ ಚರಂಡಿಗೆ ಸೇರಿದ್ದವು. ಅವುಗಳಲ್ಲಿ ನಾನಿರುವ ಮನೆಯ ಬಚ್ಚಲಿನ ಕೊಳವೆಯೂ ಒಂದು.

ಅಂದು ನನಗಾದ ನಾಚಿಕೆ ಬೂಷ್ಟಿನ ಡಬ್ಬಿ ನೋಡಿದಾಗ ಆದದ್ದಕ್ಕಿಂತ ದೊಡ್ಡದು. ಡಬ್ಬಿಯಲ್ಲಿ ಏನಿದೆಯೆಂದು ಅಳೆಯದೆ ‘ಶುದ್ಧ’ ಎಂದಿದ್ದೆ, ಕೆರೆಯಲ್ಲಿ ಏನಿದೆಯೆಂದು ಪೂರ್ತಿ ಅಳೆಯದೆ ‘ವಿಷ’ ಎಂದಿದ್ದೆ. ಎರಡು ಕಡೆಯೂ ನನ್ನ ಮಾತನ್ನು ನಂಬಿದವರಿದ್ದರು. ಮೊದಲನೆಯದರಲ್ಲಿ ಒಬ್ಬರ ಕೆನ್ನೆಗೆ ಪೆಟ್ಟಾಯಿತು, ಎರಡನೆಯದರಲ್ಲಿ ತಪ್ಪು ಮಾಡದ ಒಂದು ಕಾರ್ಖಾನೆಯ ಕೆಲಸಗಾರರು ಬಡಾವಣೆಯವರ ಅನುಮಾನದ ಕಣ್ಣಿಗೆ ಗುರಿಯಾದರು. ಮೇಷ್ಟ್ರು ಮತ್ತು ನಾನು ಅಲ್ಲಿಗೆ ಹೋಗಿ ಕ್ಷಮೆ ಕೇಳಿ, ಮನವಿಯನ್ನು ಹಿಂಪಡೆದ ಪತ್ರದ ಪ್ರತಿಯನ್ನು ಕೊಟ್ಟು ಬಂದೆವು.

ಆಮೇಲೆ ನಮ್ಮ ಗುಂಪಿನ ಕೆಲಸದ ರೀತಿಯೇ ಬದಲಾಯಿತು. ಕ್ರೀಮಿನ ಪುಟದಲ್ಲಿ ಪ್ರತಿ ಸಾಲಿಗೂ ತೂಕ, ಬಿಸಿ, ತಾರೀಖು ಇರುವಂತೆ ಕೆರೆಯ ಪುಟದಲ್ಲೂ ಸ್ಥಳ, ಗಂಟೆ, ಅಳತೆ, ಅಳೆದವರ ಹೆಸರು ಇರಬೇಕೆಂದು ನಿರ್ಧರಿಸಿದೆವು. ನೀರಿನ ತಿಳಿತನವನ್ನು ಅಳೆಯಲು ಕಪ್ಪು ಬಿಳುಪು ಕಾಲುಭಾಗಗಳಾಗಿ ಬಣ್ಣ ಬಳಿದ 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ಮೊಮ್ಮಗಳು ತಾನೇ ಮಾಡಿದಳು. ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಸುತ್ತ ಹೋಗಿ ಅದು ಕಣ್ಮರೆಯಾದ ಆಳವನ್ನು ಬರೆದುಕೊಳ್ಳುವುದು ಕ್ರಮ. 1865ರಲ್ಲಿ ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದ ನೀರಿನಲ್ಲಿ ಬಿಳಿಯ ತಟ್ಟೆಯನ್ನು ಇಳಿಸಿ ನೋಡಿದ ವಿಧಾನವಿದು. ಕರಗಿದ ಆಮ್ಲಜನಕವನ್ನು ಅಳೆಯುವ ಕಿಟ್ ಒಂದನ್ನು ಚಂದಾ ಎತ್ತಿ ಕೊಂಡೆವು. ಹೊಸ ಮನವಿಯಲ್ಲಿ ಆರೋಪವಿರಲಿಲ್ಲ. ಚರಂಡಿಯ ನಕ್ಷೆ, ಯಾವ ಯಾವ ಜಾಗದಲ್ಲಿ ಕೊಳವೆ ಸೇರಿದೆ ಎಂಬ ಗುರುತು, ಮೂರು ತಿಂಗಳ ಅಳತೆಗಳ ಕೋಷ್ಟಕ, ಒಳಚರಂಡಿಗೆ ಜೋಡಿಸಿಕೊಡಬೇಕೆಂಬ ಒಂದೇ ಬೇಡಿಕೆ ಅದರಲ್ಲಿದ್ದವು. ಮೊದಲ ಸಹಿ ತಮ್ಮ ಮನೆಯ ಕೊಳವೆಯೂ ಚರಂಡಿಗೆ ಸೇರಿದೆಯೆಂದು ಒಪ್ಪಿಕೊಂಡವರದ್ದು. ಈ ಬಾರಿ ಕಚೇರಿಯವರು ನಮ್ಮ ಕೋಷ್ಟಕವನ್ನು ಎದುರಿಗಿಟ್ಟುಕೊಂಡು ಮಾತನಾಡಿದರು. ಎರಡು ಬೀದಿಗಳ ಜೋಡಣೆ ಮುಗಿದಿದೆ, ಉಳಿದವುಗಳಿಗಾಗಿ ಇನ್ನೂ ಓಡಾಡುತ್ತಿದ್ದೇವೆ.

ಮೇಜಿನ ಸುತ್ತಲಿನ ಅಭ್ಯಾಸಗಳೂ ಕೆರೆಯಿಂದಾಗಿ ಬದಲಾದವು. ಮೇಣ ಮತ್ತು ಎಣ್ಣೆ ಮೆತ್ತಿದ ಪಾತ್ರೆಗಳನ್ನು ಈಗ ಮೊದಲು ಹಳೆಯ ಬಟ್ಟೆಯಿಂದ ಒರೆಸಿ ಆಮೇಲೆ ತೊಳೆಯುತ್ತೇವೆ, ಏಕೆಂದರೆ ಬಿಸಿನೀರಿನಲ್ಲಿ ಕರಗಿ ಹೋದ ಮೇಣ ಮುಂದೆ ಕೊಳವೆಯಲ್ಲಿ ತಣ್ಣಗಾಗಿ ಕಟ್ಟಿಕೊಳ್ಳುತ್ತದೆ. ಮುಖ ಉಜ್ಜುವ ಲೇಪಕ್ಕೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಮಣಿಗಳ ಬದಲು ನುಣ್ಣಗೆ ಅರೆದ ಧಾನ್ಯದ ಹಿಟ್ಟನ್ನು ಬಳಸುತ್ತೇವೆ. ಅಂತಹ ಮಣಿಗಳು ಶುದ್ಧೀಕರಣ ಘಟಕಗಳನ್ನೂ ದಾಟಿ ನದಿ ಸೇರುತ್ತವೆಂಬ ಕಾರಣಕ್ಕೆ ಅಮೆರಿಕವು 2015ರಲ್ಲಿಯೇ ಕಾನೂನು ಮಾಡಿ ತೊಳೆದುಕೊಳ್ಳುವ ಪ್ರಸಾಧನಗಳಲ್ಲಿ ಅವನ್ನು ನಿಷೇಧಿಸಿತು.

ಚರ್ಮ ಮತ್ತು ನೀರು ಒಂದೇ ಕಥೆಯಲ್ಲಿ ಸೇರುವುದನ್ನು ನಾನು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಪಾದರಸದ ವಿಷಯದಲ್ಲಿ. ಒಂದು ಭಾನುವಾರ ಗುಂಪಿನ ಹುಡುಗಿಯೊಬ್ಬಳು ಬಣ್ಣ ಬಿಳುಪಾಗಿಸುತ್ತದೆಂದು ಯಾರೋ ಮಾರಿದ ಕ್ರೀಮಿನ ಡಬ್ಬಿ ತಂದಿದ್ದಳು. ಒಳಗೇನಿದೆಯೆಂದು ತಿಳಿಸುವ ಒಂದು ಸಾಲೂ ಅದರ ಮೇಲಿರಲಿಲ್ಲ. ಇಂತಹ ಕೆಲವು ಕ್ರೀಮುಗಳಲ್ಲಿ ಪಾದರಸದ ಲವಣವಿರುತ್ತದೆ. ಅದು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಉತ್ಪತ್ತಿಯಾಗುವುದನ್ನು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡ ಮತ್ತು ನರಗಳನ್ನು ಕೆಡಿಸುತ್ತದೆ. ಹಚ್ಚಿಕೊಂಡವರಿಗಷ್ಟೇ ಅಲ್ಲ, ಅದೇ ಟವೆಲು, ಅದೇ ದಿಂಬು ಬಳಸುವ ಮನೆಯ ಮಕ್ಕಳಿಗೂ ತಗುಲುತ್ತದೆ. ಮುಖ ತೊಳೆದ ನೀರಿನೊಡನೆ ಚರಂಡಿಗೂ ಹೋಗುತ್ತದೆ. ಪಾದರಸದ ಬಳಕೆಯನ್ನು ನಿಯಂತ್ರಿಸಲು 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದವು ಇಂತಹ ಕ್ರೀಮುಗಳನ್ನೂ ಒಳಗೊಂಡಿದೆ. ಮೊದಲು ಒಂದು ಕಿಲೋಗೆ 1 ಮಿಲಿಗ್ರಾಂವರೆಗಿನ ವಿನಾಯಿತಿ ಇತ್ತು. 2023ರಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಆ ಮಿತಿಯನ್ನೂ ತೆಗೆದು, ಪಾದರಸ ಬೆರೆಸಿದ ಎಲ್ಲ ಪ್ರಸಾಧನಗಳನ್ನೂ 2025ರ ಹೊತ್ತಿಗೆ ಕೊನೆಗೊಳಿಸಲು ಒಪ್ಪಿದವು.

ಆ ಒಪ್ಪಂದಕ್ಕೆ ಜಪಾನಿನ ಮಿನಮಾಟಾ ಎಂಬ ಊರಿನ ಹೆಸರಿದೆ. ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಮೀನುಗಳಲ್ಲಿ ಸೇರಿ, ಅವನ್ನು ತಿಂದ ಬೆಸ್ತರ ಕುಟುಂಬಗಳನ್ನು ಹಿಂಡಿತು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. 1959ರಲ್ಲಿ ಕಾರ್ಖಾನೆಯ ವೈದ್ಯರೇ ಆ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ಅದೇ ರೋಗ ಬರುವುದನ್ನು ಕಂಡರೂ ಆ ಫಲಿತಾಂಶ ಹೊರಬರಲಿಲ್ಲ. ಕಾರಣ ಅದೇ ಕಾರ್ಖಾನೆಯೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ವಿಷ ಹರಿಯುತ್ತಲೇ ಇತ್ತು. ಆ ಬೆಸ್ತರ ಕುಟುಂಬಗಳು ಸೋಲೊಪ್ಪದೆ ದಶಕಗಳ ಕಾಲ ಧರಣಿ ಕೂತು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದಲೇ ಆ ಊರಿನ ಹೆಸರು ಇಂದು ಒಂದು ಒಪ್ಪಂದಕ್ಕಿದೆ. ಇದನ್ನು ಓದಿ ಹೇಳಿದಾಗ ಮೇಜಿನ ಸುತ್ತ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಕೆರೆಯಲ್ಲಿ ಕಾರ್ಖಾನೆಯ ತಪ್ಪಿರಲಿಲ್ಲ, ಅಲ್ಲಿ ಇತ್ತು. ಎರಡು ಕಡೆಯೂ ಸತ್ಯವನ್ನು ತಿಳಿಯುವ ದಾರಿ ಅಳೆಯುವುದು ಮತ್ತು ಅಳೆದದ್ದನ್ನು ಮುಚ್ಚಿಡದಿರುವುದು. ಹುಡುಗಿಯ ಡಬ್ಬಿಯನ್ನು ಕಸದ ಬುಟ್ಟಿಗಾಗಲಿ ಬಚ್ಚಲಿಗಾಗಲಿ ಹಾಕದೆ, ಬಿಗಿಯಾಗಿ ಮುಚ್ಚಿ ಚೀಲದೊಳಗಿಟ್ಟು, ಪರೀಕ್ಷೆಗೆ ಕಳುಹಿಸಬೇಕೆಂಬ ದೂರಿನೊಂದಿಗೆ ಔಷಧ ನಿಯಂತ್ರಣ ಕಚೇರಿಗೆ ಒಪ್ಪಿಸಿದೆವು. ಅವಳಿಗೆ ನಾವು ಹೇಳಿದ್ದು ಇಷ್ಟೆ: ನಿನ್ನ ಬಣ್ಣದಲ್ಲಿ ಸರಿಪಡಿಸಬೇಕಾದ್ದೇನೂ ಇಲ್ಲ, ಅದನ್ನು ರೋಗವೆಂದು ನಿನಗೆ ಮಾರಿದವರ ವ್ಯಾಪಾರದಲ್ಲಿದೆ.

ಗುಂಪಿನ ಖರ್ಚಿಗಾಗಿ ಕ್ರೀಮುಗಳನ್ನು ಮಾರಬಾರದೇಕೆ ಎಂಬ ಪ್ರಶ್ನೆ ಹಲವು ಸಲ ಬಂದಿದೆ. ನಾನು ಒಪ್ಪಿಲ್ಲ. ಹಣಕ್ಕೆ ಮಾರುವ ಪ್ರಸಾಧನಕ್ಕೆ ಪರವಾನಗಿ, ಸೂಕ್ಷ್ಮಜೀವಿಗಳ ಪರೀಕ್ಷೆ, ನಿಯಮದಂತೆ ಬರೆದ ಚೀಟಿ ಇವೆಲ್ಲ ಬೇಕೆಂದು ಅನೇಕ ದೇಶಗಳ ಕಾನೂನು ಹೇಳುತ್ತದೆ, ಹಾಗೆ ಹೇಳುವುದು ಸರಿಯೂ ಹೌದು. ಕಚೇರಿಗಳು ನಿಯಮ ಪಾಲಿಸಬೇಕೆಂದು ಮನವಿ ಬರೆಯುವ ನಾವು ನಮ್ಮ ಡಬ್ಬಿಗೆ ನಿಯಮ ಬೇಡವೆನ್ನಲಾಗದು. ಹೀಗಾಗಿ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತಮ್ಮ ಮನೆಗೆ ಒಯ್ಯುತ್ತಾರೆ, ಸಾಮಗ್ರಿಯ ಖರ್ಚನ್ನು ಹಂಚಿಕೊಳ್ಳುತ್ತಾರೆ. ಬೇರೆಯವರಿಗೆ ಕೊಟ್ಟರೆ ಒಳಗಿರುವ ಎಲ್ಲವನ್ನೂ ಬರೆದ ಚೀಟಿ ಅಂಟಿಸಿ, ಮೊಣಕೈಯ ಒಳಮೈಗೆ ಒಂದಿಷ್ಟು ಹಚ್ಚಿ ಎರಡು ದಿನ ಕಾದು ನೋಡಲು ಹೇಳಿಯೇ ಕೊಡುತ್ತಾರೆ. ಇಸುಬು, ಮೊಡವೆ, ಕೂದಲುದುರುವಿಕೆ ವಾಸಿಯಾಗುತ್ತದೆಂದು ನಾವು ಯಾರಿಗೂ ಹೇಳುವುದಿಲ್ಲ. ಚರ್ಮ ಒಣಗದಂತೆ ನೋಡಿಕೊಳ್ಳುವುದು ಕ್ರೀಮಿನ ಕೆಲಸ, ರೋಗಕ್ಕೆ ವೈದ್ಯರಿದ್ದಾರೆ.

ಬರುವ ಭಾನುವಾರ ಬೆಳಗ್ಗೆ ಐದೂವರೆಗೆ ಕೋಡಿಯ ಬಳಿ ಸೇರುತ್ತೇವೆ. ಆಮ್ಲಜನಕ ಅಳೆಯುವ ಸರದಿ ಅಜ್ಜಿಯದು. ಕಿಟ್‌ನ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಅವರು ಮೊಮ್ಮಗಳಿಂದ ಸೂಚನೆಗಳನ್ನೆಲ್ಲ ದೊಡ್ಡದಾಗಿ ಬರೆಸಿಕೊಂಡು ಬಾಯಿಪಾಠ ಮಾಡಿದ್ದಾರೆ. ಅಲ್ಲಿಂದ ಮೇಜಿಗೆ ಬಂದು ಲಾವಂಚದ ಎಣ್ಣೆಯನ್ನು ಸೋಸಬೇಕು, ಅದಕ್ಕೆ ಅಂದಿಗೆ ಸರಿಯಾಗಿ ಆರು ವಾರ ತುಂಬುತ್ತದೆ. ಪುಸ್ತಕದ ಎರಡು ಕಡೆಗೂ ಆ ದಿನದ ತಾರೀಖನ್ನು ಈಗಲೇ ಬರೆದಿಟ್ಟಿದ್ದೇನೆ.